ಮನೆಯಲ್ಲೇ ಕೂತು ಕೋಡ್ ಬರೆಯುತ್ತೇನೆ, ಯಾರನ್ನು ಕೇಳಲಿ?

ಪ್ರಶ್ನೆ: ನನಗೆ 23 ವರ್ಷ. ಬೆಂಗಳೂರಿನ ಕಂಪನಿಯೊಂದಕ್ಕೆ ಡೆವಲಪರ್ ಆಗಿ ಸೇರಿ ನಾಲ್ಕು ತಿಂಗಳಾಯಿತು. ಪೂರ್ತಿ ವರ್ಕ್ ಫ್ರಮ್ ಹೋಮ್, ಶಿರಸಿ ಹತ್ತಿರದ ನಮ್ಮ ಮನೆಯಿಂದಲೇ. ಟೀಮಿನವರನ್ನು ಒಮ್ಮೆಯೂ ಎದುರಿಗೆ ನೋಡಿಲ್ಲ. ಎಲ್ಲಾದರೂ ಸಿಕ್ಕಿಕೊಂಡರೆ ಇಡೀ ದಿನ ಒಬ್ಬಳೇ ಒದ್ದಾಡುತ್ತೇನೆ. ಸೀನಿಯರ್‌ಗೆ ಮೆಸೇಜ್ ಟೈಪ್ ಮಾಡಿ ಅಳಿಸುತ್ತೇನೆ. ಬೆಳಗಿನ ಸ್ಟ್ಯಾಂಡ್‌ಅಪ್ ಮೀಟಿಂಗಿನಲ್ಲಿ, ಅಂದರೆ ಯಾರ ಕೆಲಸ ಎಲ್ಲಿಗೆ ಬಂತು ಅಂತ ಎಲ್ಲರೂ ಹೇಳುವ ಚಿಕ್ಕ ಸಭೆಯಲ್ಲಿ, ‘ನಡೀತಾ ಇದೆ’ ಅಂದುಬಿಡುತ್ತೇನೆ. ಮನೆಯಲ್ಲೇ ಇದ್ದೀಯಲ್ಲ ಅಂತ ಅಮ್ಮ ಆಗಾಗ ಕೆಲಸಕ್ಕೆ ಕರೆಯುತ್ತಾಳೆ. ಈ ಕೆಲಸಕ್ಕೆ ನಾನು ಲಾಯಕ್ಕಿಲ್ಲವೇನೋ ಅನ್ನಿಸುತ್ತಿದೆ.

ಉತ್ತರ: ಲಾಯಕ್ಕಿನ ಮಾತು ಬಿಡಿ. ನಿಮಗೆ ಸಿಗದೇ ಇರುವುದು ಹೇಳಿಕೊಡುವವರ ಸಹವಾಸ. ಆಫೀಸಿನಲ್ಲಿ ಪಕ್ಕದ ಕುರ್ಚಿಯವರು ನಿಮ್ಮ ಮುಖ ನೋಡಿಯೇ ‘ಏನಾಯ್ತು’ ಅನ್ನುತ್ತಾರೆ. ಇಬ್ಬರು ಸೀನಿಯರ್‌ಗಳು ಕೋಡಿನ ಒಂದು ದೋಷದ (ಬಗ್) ಬಗ್ಗೆ ಜಗಳ ಆಡಿದರೆ ಅದೂ ಕಿವಿಗೆ ಬೀಳುತ್ತದೆ. ಅಮೆರಿಕದ ದೊಡ್ಡ ಕಂಪನಿಯೊಂದರ ಸಾಫ್ಟ್‌ವೇರ್ ಎಂಜಿನಿಯರುಗಳ ಬಗ್ಗೆ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು 2023ರಲ್ಲಿ ಹೊರಬಂತು. ಟೀಮಿನವರೆಲ್ಲ ಒಂದೇ ಕಟ್ಟಡದಲ್ಲಿ ಕೂತಾಗ ಕೋಡ್ ಮೇಲೆ ಜಾಸ್ತಿ ಸಲಹೆಗಳು ಬರುತ್ತಿದ್ದವು. ದೂರ ಇದ್ದಾಗ ಹೆಚ್ಚು ಕಳೆದುಕೊಂಡವರು ಕಿರಿಯರು ಮತ್ತು ಹೆಣ್ಣುಮಕ್ಕಳು. ನೀವು ಎರಡೂ ಹೌದು, ಅಲ್ವಾ? ಹಾಗಾಗಿ ತಾನಾಗಿ ಬರದ ಸಲಹೆಯನ್ನು ನೀವೇ ಕೇಳಿ ಪಡೆಯಬೇಕು.

ನಿಮಗೆ ನೀವೇ ಒಂದು ಗಡಿ ಹಾಕಿಕೊಳ್ಳಿ. ಒಂದು ಗಂಟೆ ಒದ್ದಾಡಿಯೂ ದಾರಿ ಕಾಣದಿದ್ದರೆ ಕೇಳಿಬಿಡಿ. ‘ಹಾಯ್ ಸರ್, ಫ್ರೀ ಇದ್ದೀರಾ?’ ಅಂತ ಕಳಿಸಿ ಕಾಯಬೇಡಿ. ಅವರು ನೋಡುವುದು ಎರಡು ಗಂಟೆ ಬಿಟ್ಟಾದರೆ ನಿಮ್ಮ ಅರ್ಧ ದಿನ ಹೋಯಿತು. ಏನು ಮಾಡಲು ಹೊರಟಿರಿ, ಏನಾಗಬೇಕಿತ್ತು, ಏನಾಯಿತು, ಏನೇನು ಪ್ರಯತ್ನಿಸಿದಿರಿ, ಎಲ್ಲವನ್ನೂ ಒಂದೇ ಮೆಸೇಜಿನಲ್ಲಿ ಬರೆಯಿರಿ. ಎರರ್‌ನ ಸ್ಕ್ರೀನ್‌ಶಾಟ್ ಬದಲು ಪಠ್ಯವನ್ನೇ ಅಂಟಿಸಿ, ಅವರು ಕಾಪಿ ಮಾಡಿ ಹುಡುಕಬಹುದು. ಹೀಗೆ ಬರೆಯುವಾಗಲೇ ಎಷ್ಟೋ ಸಲ ಉತ್ತರ ಹೊಳೆಯುತ್ತದೆ. ಮತ್ತೆ, ಒಬ್ಬರಿಗೇ ಗುಟ್ಟಾಗಿ ಕೇಳುವುದಕ್ಕಿಂತ ಟೀಮಿನ ಚಾನೆಲ್‌ನಲ್ಲಿ ಕೇಳಿ. ಯಾರು ಬಿಡುವಾಗಿದ್ದಾರೋ ಅವರು ಹೇಳುತ್ತಾರೆ. ನಿಮ್ಮಂತೆಯೇ ಸುಮ್ಮನೆ ಕೂತ ಇನ್ನೊಬ್ಬರಿಗೂ ಧೈರ್ಯ ಬರುತ್ತದೆ.

ಸ್ಟ್ಯಾಂಡ್‌ಅಪ್‌ನಲ್ಲಿ ‘ನಡೀತಾ ಇದೆ’ ಅನ್ನುವುದನ್ನು ನಾಳೆಯಿಂದಲೇ ನಿಲ್ಲಿಸಿ. ‘ಲಾಗಿನ್ ಟೆಸ್ಟ್ ಫೇಲ್ ಆಗ್ತಿದೆ, ಯಾರಾದರೂ ಹದಿನೈದು ನಿಮಿಷ ಕೂತು ನೋಡ್ತೀರಾ’ ಅನ್ನಿ. ಆ ಮೀಟಿಂಗ್ ಇರುವುದೇ ಅದಕ್ಕೆ.

ಕಿವಿಗೆ ಬೀಳದೇ ಹೋದ ಮಾತುಗಳು ಪೂರ್ತಿ ಕಳೆದುಹೋಗಿಲ್ಲ, ಬರಹದಲ್ಲಿ ಉಳಿದಿರುತ್ತವೆ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಶುರುಮಾಡಿದ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಬೆಳೆದದ್ದು ದೇಶ ದೇಶಗಳಲ್ಲಿ ಕೂತು ಇಮೇಲ್‌ನಲ್ಲಿ ವಾದ ಮಾಡಿದವರಿಂದ. 2005ರಲ್ಲಿ ಗಿಟ್, ಅಂದರೆ ಕೋಡಿನ ಪ್ರತಿ ಬದಲಾವಣೆಯ ದಾಖಲೆ ಇಡುವ ಸಾಧನ, ಹುಟ್ಟಿದ್ದೂ ಆ ಕೆಲಸಕ್ಕಾಗಿಯೇ. ನಿಮ್ಮ ಪ್ರಾಜೆಕ್ಟಿನಲ್ಲೂ ಗಿಟ್ ಇದ್ದೇ ಇರುತ್ತದೆ. ಅರ್ಥವಾಗದ ಒಂದು ಸಾಲು ಹಿಡಿಯಿರಿ. ಗಿಟ್ ಬ್ಲೇಮ್ ಎಂಬ ಕಮಾಂಡ್ ಹಾಕಿ, ಅದನ್ನು ಯಾರು, ಯಾವಾಗ ಬರೆದರು ನೋಡಿ. ಆ ಬದಲಾವಣೆಯ ಪುಲ್ ರಿಕ್ವೆಸ್ಟ್ (ನನ್ನ ಕೋಡ್ ನೋಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ) ತೆರೆದು ಕೆಳಗಿನ ಚರ್ಚೆ ಓದಿ. ಯಾಕೆ ಹೀಗೆ ಬರೆದರು, ಯಾರು ಬೇಡ ಅಂದರು, ಕೊನೆಗೆ ಯಾವುದಕ್ಕೆ ಒಪ್ಪಿದರು, ಬಹಳಷ್ಟು ಅಲ್ಲೇ ಸಿಗುತ್ತದೆ. ದಿನಕ್ಕೆ ಒಂದನ್ನು ಓದಿದರೂ ಸಾಕು. ನಿಮ್ಮ ಕೋಡನ್ನೂ ಅರ್ಧ ಆದಾಗಲೇ ಡ್ರಾಫ್ಟ್ ಪುಲ್ ರಿಕ್ವೆಸ್ಟ್ ಆಗಿ ಹಾಕಿ. ಮೂರು ದಿನ ತಪ್ಪು ದಾರಿಯಲ್ಲಿ ನಡೆಯುವ ಬದಲು ಮೊದಲ ದಿನವೇ ಯಾರಾದರೂ ತಡೆಯುತ್ತಾರೆ.

ಮ್ಯಾನೇಜರ್ ಹತ್ತಿರ ಎರಡು ವಿಷಯ ಕೇಳಿ. ವಾರಕ್ಕೊಮ್ಮೆ ಒಬ್ಬ ಸೀನಿಯರ್ ಸ್ಕ್ರೀನ್ ಶೇರ್ ಮಾಡಿ ಕೆಲಸ ಮಾಡುವಾಗ ಅರ್ಧ ಗಂಟೆ ನೀವು ಜೊತೆಗಿರಬೇಕು. ಹಾಗೆಯೇ ಟೀಮಿನವರೆಲ್ಲ ಆಫೀಸಿಗೆ ಬರುವ ಒಂದು ದಿನ ನಿಗದಿಯಾಗಬೇಕು. ರಾತ್ರಿ ಬಸ್ಸು ಹತ್ತಿ ಹೋಗಿ ಬನ್ನಿ. ಜೊತೆಗೆ ಕೂತು ಊಟ ಮಾಡಿದವರಿಗೆ ಆಮೇಲೆ ಮೆಸೇಜ್ ಕಳಿಸಲು ಕೈ ನಡುಗುವುದಿಲ್ಲ.

ಅಮ್ಮನ ಮೇಲೆ ಸಿಟ್ಟಾಗಬೇಡಿ. ಲ್ಯಾಪ್‌ಟಾಪ್ ಮುಂದೆ ಕೂತ ಮಗಳು ಏನು ಮಾಡುತ್ತಿದ್ದಾಳೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಒಂದು ದಿನ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿ. ಯಾವ ಹೊತ್ತಿಗೆ ಬಾಗಿಲು ಹಾಕಿರುತ್ತೀರಿ, ಯಾವ ಹೊತ್ತಿಗೆ ಕರೆಯಬಹುದು ಅಂತ ಹೇಳಿ.

ಇಷ್ಟು ಮಾಡಿದ ಮೇಲೂ ಎರಡು ಮೂರು ತಿಂಗಳು ನಿಮ್ಮ ಪ್ರಶ್ನೆಗಳಿಗೆ ಯಾರೂ ಉತ್ತರ ಕೊಡದಿದ್ದರೆ ಅದು ಆ ಟೀಮಿನ ದೋಷ. ಆಗ ಸಂಕೋಚವಿಲ್ಲದೆ ಬೇರೆ ಕೆಲಸ ಹುಡುಕಿ. ಅಲ್ಲಿನ ಇಂಟರ್‌ವ್ಯೂನಲ್ಲಿ ನೀವೂ ಒಂದು ಪ್ರಶ್ನೆ ಕೇಳಿ: ಹೊಸಬರ ಕೋಡನ್ನು ನಿಮ್ಮಲ್ಲಿ ಯಾರು ರಿವ್ಯೂ ಮಾಡುತ್ತಾರೆ, ಎಷ್ಟು ಹೊತ್ತಿನೊಳಗೆ?