ಊರಲ್ಲಿ ಒಬ್ಬರೇ ಇರೋ ಅಮ್ಮಂಗೆ ಅಲೆಕ್ಸಾ ಹಾಕಿಕೊಟ್ರೆ ಉಪಯೋಗ ಆಗುತ್ತಾ? ಕನ್ನಡ ಬಿಟ್ರೆ ಬೇರೆ ಭಾಷೆ ಬರಲ್ಲ

ತಂದೆ ಹೋದ್ಮೇಲೆ ತಾಯಿ ಊರಲ್ಲಿ ಒಬ್ಬರೇ, ನೀವು ಪುಣೆಲಿ, ಅವರಿಗೆ ಕನ್ನಡ ಮಾತ್ರ ಬರೋದು ಅಂತ ಬರೆದಿದ್ದೀರಿ. ನಮ್ಮನೇಲೂ ಇದೇ ಪರಿಸ್ಥಿತಿ. ಅಮ್ಮಂಗೆ 74, ತೀರ್ಥಹಳ್ಳಿ ಹತ್ರ ತೋಟದ ಮನೆ, ಪಕ್ಕದ ಮನೆ ಅಂದ್ರೆ ಅರ್ಧ ಕಿಲೋಮೀಟರ್ ನಡೀಬೇಕು. ನಾನು ಬೆಂಗಳೂರಲ್ಲಿ ಇದ್ದೀನಿ. ಎರಡು ವರ್ಷದ ಹಿಂದೆ ಎಕೋ ಡಾಟ್ (ಮಾತಲ್ಲಿ ಹೇಳಿದ್ರೆ ಹಾಡು ಹಾಕೋ, ಲೈಟ್ ಹಚ್ಚೋ ಅಮೆಜಾನ್‌ನ ಚಿಕ್ಕ ಸ್ಪೀಕರ್, ಅಲೆಕ್ಸಾ ಇರೋದು ಅದರಲ್ಲೇ) ತಗೊಂಡು ಹೋಗಿ ಹಾಕಿಕೊಟ್ಟೆ. ಉಪಯೋಗ ಖಂಡಿತ ಆಗುತ್ತೆ, ಆದ್ರೆ ಡಬ್ಬ ಬಿಚ್ಚಿ ವೈಫೈ ಕನೆಕ್ಟ್ ಮಾಡಿಕೊಟ್ಟು ಮಾರನೇ ದಿನ ಬಸ್ ಹತ್ತಿ ಬಂದ್ರೆ ಆಗಲ್ಲ, ನಾನು ಮೊದಲ ಸಲ ಹಾಗೇ ಮಾಡಿದ್ದು, ಒಂದೇ ವಾರಕ್ಕೆ ಅಮ್ಮ ಅದರ ಪ್ಲಗ್ ಕಿತ್ತು ಬೀರು ಒಳಗೆ ಇಟ್ಟಿದ್ಲು.

ಮೊದಲು ಭಾಷೆ ವಿಷಯ. ನಾನು ಹಾಕಿಕೊಟ್ಟಾಗ ಅದಕ್ಕೆ ಇಂಗ್ಲಿಷ್ ಇಲ್ಲಾ ಹಿಂದೀಲಿ ಹೇಳಿದ್ರೆ ಮಾತ್ರ ಕೆಲಸ ಆಗ್ತಿತ್ತು, ಕನ್ನಡ ಇರ್ಲಿಲ್ಲ. ಫೋನಲ್ಲಾದ್ರೆ ಪರವಾಗಿಲ್ಲ, ಯೂಟ್ಯೂಬಲ್ಲಿ ಮೈಕ್ ಒತ್ತಿ ಕನ್ನಡದಲ್ಲೇ ಕೇಳಬಹುದು, ಅದನ್ನ ಮೊದಲು ಕಲಿಸಿ. ಸ್ಪೀಕರ್ ವಿಷಯಕ್ಕೆ ಬಂದ್ರೆ ನಾನು ಮಾಡಿದ್ದು ಇಷ್ಟು, ನಾಲ್ಕು ದಿನ ಮನೇಲಿ ಕೂತು ಅಮ್ಮ ಮಾತಾಡುವಾಗ ಅವಳ ಬಾಯಲ್ಲಿ ಆಗ್ಲೇ ಇರೋ ಇಂಗ್ಲಿಷ್ ಪದ ಯಾವ್ಯಾವುದು ಅಂತ ಒಂದು ಹಾಳೇಲಿ ಬರ್ಕೊಂಡೆ. ಲೈಟು, ಫ್ಯಾನು, ಟೈಮು, ರೇಡಿಯೋ, ಫೋನು, ಆನು, ಆಫು. ಇಷ್ಟು ಸಾಕಾಯ್ತು. ಸ್ಪೀಕರಿಗೆ ಹೇಳಿದ್ರೆ ಹತ್ತೋ ಸ್ಮಾರ್ಟ್ ಬಲ್ಬಿಗೆ ಮೊದಲು 'ನಡುಮನೆ' ಅಂತ ಹೆಸರಿಟ್ಟಿದ್ದೆ, ಹತ್ತು ಸಲ ಹೇಳಿದ್ರೂ ಅದಕ್ಕೆ ಅರ್ಥ ಆಗ್ಲಿಲ್ಲ, 'ಹಾಲ್' ಅಂತ ಬದಲಾಯಿಸಿದ್ಮೇಲೆ ಒಂದೇ ಸಲಕ್ಕೆ ಹತ್ತಿಕೊಳ್ತು. ಫೋನಿನ ಅಲೆಕ್ಸಾ ಆಪಲ್ಲಿ ರುಟೀನ್ ಅಂತ ಇದೆ, ಅಲ್ಲಿ ನೀವೇ ಒಂದು ಚಿಕ್ಕ ಮಾತು ಕೊಟ್ಟು ಆ ಮಾತಿಗೆ ಇಂಥ ಕೆಲಸ ಆಗ್ಲಿ ಅಂತ ಕಟ್ಟಿಡಬಹುದು. ಉದ್ದದ ವಾಕ್ಯ ಬೇಡ, ಎರಡೇ ಪದ ಇರ್ಲಿ.

ಸ್ಪೀಕರನ್ನ ಎಬ್ಬಿಸೋಕೆ ಕರೆಯೋ ಹೆಸರೂ ಅಷ್ಟೇ ಮುಖ್ಯ. 'ಅಲೆಕ್ಸಾ' ಅಮ್ಮನ ಬಾಯಲ್ಲಿ 'ಅಲಕ್ಷ' ಆಗ್ತಿತ್ತು, ಅದು ಏಳ್ತಾನೇ ಇರ್ಲಿಲ್ಲ. ಸೆಟ್ಟಿಂಗಲ್ಲಿ 'ಎಕೋ' ಅಂತ ಬದಲಾಯಿಸಿದೆ, ಆಗ ಇನ್ನೊಂದು ತಾಪತ್ರಯ. ನಮ್ಮಮ್ಮನ ಮಾತು ಶುರುವಾಗೋದೇ 'ಯಾಕೋ' ಅಂತ. ಯಾಕೋ ಮಂಡಿ ಹಿಡ್ಕೊಂಡಿದೆ, ಯಾಕೋ ಊಟ ಸೇರ್ತಿಲ್ಲ ಅಂತ ಫೋನಲ್ಲಿ ನನ್ನ ಹತ್ರ ಹೇಳ್ತಾ ಇದ್ರೆ ಅಲ್ಲಿ ನೀಲಿ ಲೈಟ್ ಉರಿದು ಅದರೊಳಗಿನ ಹೆಂಗಸಿನ ದನಿ ಇಂಗ್ಲಿಷಲ್ಲಿ ಏನೋ ಹೇಳೋದು. ಒಬ್ಬಳೇ ಇರೋ ಮನೇಲಿ ಅದು ಭಯ ಹುಟ್ಟಿಸುತ್ತೆ, ಬೀರು ಸೇರಿದ್ದು ಅದಕ್ಕೇ. ಎರಡನೇ ಸಲ ಹೋದಾಗ 'ಕಂಪ್ಯೂಟರ್' ಅಂತ ಇಟ್ಟೆ. ಆ ಪದ ಯಾರ ಬಾಯಲ್ಲೂ ಸರಿಯಾಗಿ ಬರುತ್ತೆ, ದಿನದ ಮಾತಲ್ಲಿ ಸುಮ್ನೆ ಬರೋದೂ ಇಲ್ಲ.

ಆಮೇಲೆ ಸ್ವಿಚ್ಚು. ರಾತ್ರಿ ಮಲಗೋ ಮುಂಚೆ ಮನೆಯೆಲ್ಲ ಸುತ್ತಿ ಒಂದೊಂದೇ ಸ್ವಿಚ್ ಆಫ್ ಮಾಡೋದು ಅವಳ ಐವತ್ತು ವರ್ಷದ ಅಭ್ಯಾಸ. ಗೋಡೆ ಸ್ವಿಚ್ ಆಫ್ ಆದ್ರೆ ಸ್ಮಾರ್ಟ್ ಬಲ್ಬ್ ಕೆಲಸ ಮಾಡಲ್ಲ. ಆ ಅಭ್ಯಾಸ ಬಿಡು ಅಂತ ಹೇಳೋದು ತಪ್ಪು ಅನ್ನಿಸ್ತು ನಂಗೆ. ರಾತ್ರಿ ಎದ್ದಾಗ ಬೇಕಾಗೋ ಒಂದು ಬಲ್ಬಿನ ಸ್ವಿಚ್ ಮೇಲೆ ಮಾತ್ರ ಟೇಪ್ ಅಂಟಿಸಿ ಅರಿಶಿನದ ಬೊಟ್ಟು ಇಟ್ಟೆ, ಅದನ್ನ ಮುಟ್ಟಲ್ಲ, ಉಳಿದಿದ್ದೆಲ್ಲ ಅವಳಿಷ್ಟ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬರ್ತಾ ಇರುತ್ತಲ್ಲ, ಬಂದ ತಕ್ಷಣ ಕೆಲವು ಸ್ಮಾರ್ಟ್ ಬಲ್ಬ್ ತಾವಾಗೇ ಪೂರ್ತಿ ಬೆಳಕಲ್ಲಿ ಹತ್ತಿಕೊಳ್ತಾವೆ, ಮಧ್ಯರಾತ್ರಿ ಹಾಗಾದ್ರೆ ಎದೆ ಧಸಕ್ ಅನ್ನುತ್ತೆ, ಬಲ್ಬಿನ ಆಪಲ್ಲಿ ಅದನ್ನ ಬದಲಾಯಿಸೋಕೆ ಆಗುತ್ತಾ ನೋಡಿ. ಡಾಟಲ್ಲಿ ಬ್ಯಾಟರಿ ಇರಲ್ಲ, ಕರೆಂಟ್ ಹೋದ್ರೆ ಅದೂ ಬಂದ್. ಹಾಗಾಗಿ ರೌಟರ್ ಮತ್ತು ಡಾಟ್ ಎರಡನ್ನೂ ಇನ್ವರ್ಟರ್ ಲೈನಿಗೆ ಹಾಕಿಸಿ.

ಡಾಟಲ್ಲಿ ಡ್ರಾಪ್ ಇನ್ ಅಂತ ಒಂದು ಸೌಲಭ್ಯ ಇದೆ, ಆ ಕಡೆಯವರು ಎತ್ತದೇ ಇದ್ರೂ ನಿಮ್ಮ ದನಿ ನೇರವಾಗಿ ಮನೆಯೊಳಗೆ ಕೇಳುತ್ತೆ, ಅಲ್ಲಿನ ಶಬ್ದ ನಿಮಗೆ ಕೇಳುತ್ತೆ. ಒಂದು ದಿನ ಅಮ್ಮ ಫೋನ್ ಎತ್ತಲಿಲ್ಲ ಅಂತ ಗಾಬರಿಯಾಗಿ ಹೇಳದೇ ಕೇಳದೇ ಅದರಲ್ಲಿ 'ಅಮ್ಮಾ' ಅಂದೆ. ಅವಳು ಒಲೆ ಮುಂದೆ ಹಾಲು ಇಳಿಸ್ತಾ ಇದ್ಲು, ಬೆಚ್ಚಿಬಿದ್ದು ಪಾತ್ರೆ ಕೈ ಜಾರಿ ಕಾಲಿನ ಮೇಲೆ ಹಾಲು ಚೆಲ್ತು. ಸುಟ್ಟಿದ್ದು ಸ್ವಲ್ಪನೇ, ಆದ್ರೆ ಅವಳು ಅಂದಿದ್ದು ನಂಗೆ ಇವತ್ತಿಗೂ ನೆನಪಿದೆ, 'ಮನೆಗೆ ಬರೋರು ಬಾಗಿಲು ತಟ್ಟಿ ಬರ್ತಾರೆ ಕಣೋ.' ಆವತ್ತಿಂದ ಮೂರು ಸಲ ಫೋನ್ ಮಾಡಿ ಎತ್ತದೇ ಇದ್ರೆ ಮಾತ್ರ ಡ್ರಾಪ್ ಇನ್ ಅಂತ ಇಬ್ಬರೂ ಒಪ್ಪಿಕೊಂಡಿದ್ದೀವಿ. ನೀವೂ ಅವರ ಒಪ್ಪಿಗೆ ಕೇಳಿಯೇ ಅದನ್ನ ಆನ್ ಮಾಡಿ. ಮೈಕ್ ಬಂದ್ ಮಾಡೋ ಬಟನ್ ತೋರಿಸಿ, ಒತ್ತಿದ್ರೆ ಕೆಂಪು ಲೈಟ್ ಬರುತ್ತೆ, ನೆಂಟರು ಬಂದಾಗ ಬೇಡ ಅನ್ನಿಸಿದ್ರೆ ಅವರೇ ಬಂದ್ ಮಾಡ್ಕೊಳ್ಳಲಿ. ದನಿಯಲ್ಲೇ ಸಾಮಾನು ಆರ್ಡರ್ ಮಾಡೋ ಸೌಲಭ್ಯ ಮಾತ್ರ ಮೊದಲ ದಿನವೇ ಆಫ್ ಮಾಡಿಬಿಡಿ.

ಇನ್ನೊಂದು ತುಂಬಾ ಮುಖ್ಯ. ಬಿದ್ದಾಗ ಇದು ಕಾಪಾಡುತ್ತೆ ಅಂತ ನಂಬ್ಕೊಂಡು ಕೂರಬೇಡಿ, ಇದರಿಂದ 112ಕ್ಕೆ ಕಾಲ್ ಹೋಗಲ್ಲ. ಕೊರಳಿಗೆ ಹಾಕಿಕೊಳ್ಳೋ ದಾರದಲ್ಲಿ ಒಂದು ಬಟನ್ ಫೋನ್ ಕೊಡಿಸಿ, ಸ್ಪೀಡ್ ಡಯಲಲ್ಲಿ ಹತ್ತಿರದ ಮನೆಯವರು, ನೀವು, 108 ಹಾಕಿಡಿ. ಹಿರಿಯರಿಗೆ ಅಂತಲೇ 14567 ಅನ್ನೋ ಸರ್ಕಾರದ ಸಹಾಯವಾಣಿನೂ ಇದೆ, ಪಿಂಚಣಿ ಬಗ್ಗೆ ಕೇಳಬೇಕಂದ್ರೂ, ಮನಸ್ಸಿಗೆ ಬೇಜಾರಾದಾಗ ಮಾತಾಡಬೇಕು ಅನ್ನಿಸಿದ್ರೂ ಕಾಲ್ ಮಾಡಬಹುದು.

ಒಂಟಿತನ ಕಡಿಮೆ ಆಯ್ತಾ ಅಂತನೂ ಕೇಳಿದ್ದೀರಿ. ಅಮ್ಮ ಅದರ ಜೊತೆ ಮಾತಾಡ್ತಾ ಕೂರಲ್ಲ. ಆದ್ರೆ ಸಂಜೆ ದೀಪ ಹಚ್ಚೋ ಹೊತ್ತು ಅವಳಿಗೆ ತುಂಬಾ ಕಷ್ಟ ಆಗ್ತಿತ್ತು, ಅಪ್ಪ ತೋಟದಿಂದ ಬಂದು ರೇಡಿಯೋ ಹಾಕ್ತಿದ್ದ ಹೊತ್ತು ಅದು. ಈಗ ಆರೂವರೆಗೆ ತಾನಾಗೇ ಪುರಂದರದಾಸರ ಪದ ಶುರುವಾಗೋ ಹಾಗೆ ಇಟ್ಟಿದ್ದೀನಿ, ಹೇಳೋದೂ ಬೇಡ, ಕೇಳೋದೂ ಬೇಡ. ಬತ್ತಿ ಹೊಸೀತಾ ಜೊತೆಗೆ ಹೇಳಿಕೊಳ್ತಾಳೆ. ಎಂಟೂವರೆಗೆ ನಾನು ಫೋನ್ ಮಾಡ್ತೀನಿ, ಮೊದಲು ಹೇಗಿತ್ತೋ ಹಾಗೇ, ಅದನ್ನ ಒಂದು ದಿನವೂ ತಪ್ಪಿಸಿಲ್ಲ.

ನೀವು ಹೋಗುವಾಗ ಕಡಿಮೆ ಅಂದ್ರೂ ನಾಲ್ಕು ದಿನ ರಜೆ ಹಾಕಿ ಹೋಗಿ. ಮೊದಲ ದಿನ ಹಾಡು ಒಂದೇ ತೋರಿಸಿ, ಲೈಟು ಗೀಟು ಎಲ್ಲ ಆಮೇಲೆ. ಹೇಳಬೇಕಾದ ಮಾತುಗಳನ್ನ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ ಬನ್ನಿ, ನಮ್ಮನೇಲಿ ಆ ಹಾಳೆ ಇನ್ನೂ ಇದೆ.