ಕೋರ್ಸ್ ಮುಗಿದರೂ ಕಲಿತದ್ದು ಏಕೆ ಉಳಿಯುವುದಿಲ್ಲ?

ಪ್ರಶ್ನೆ: ನನಗೀಗ ನಲವತ್ತೇಳು ವರ್ಷ. ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಹೊಸ ತಂತ್ರಾಂಶಗಳನ್ನು ಕಲಿಯಲೆಂದು ಒಂದಾದ ಮೇಲೊಂದು ಆನ್‌ಲೈನ್ ಕೋರ್ಸ್‌ಗೆ ಸೇರುತ್ತೇನೆ. ಕೆಲವು ಅರ್ಧಕ್ಕೇ ನಿಲ್ಲುತ್ತವೆ, ಮುಗಿಸಿದ್ದೂ ಎರಡು ತಿಂಗಳಲ್ಲಿ ಮರೆತುಹೋಗುತ್ತದೆ. ಇದಕ್ಕೆ ವಯಸ್ಸು ಕಾರಣವೇ? ಯಾವ ಆ್ಯಪ್ ಬಳಸಿದರೆ ಒಳ್ಳೆಯದು?

ಉತ್ತರ: ಅರ್ಧಕ್ಕೆ ಬಿಡುವವರು ನೀವೊಬ್ಬರೇ ಅಲ್ಲ. ಹಾರ್ವರ್ಡ್ ಮತ್ತು ಎಂಐಟಿ ವಿಶ್ವವಿದ್ಯಾಲಯಗಳು ಎಡೆಕ್ಸ್ ಎಂಬ ಆನ್‌ಲೈನ್ ಕಲಿಕಾ ವೇದಿಕೆಯಲ್ಲಿ ನಡೆಸಿದ ಕೋರ್ಸ್‌ಗಳ ಕುರಿತು 2019ರಲ್ಲಿ ‘ಸೈನ್ಸ್’ ನಿಯತಕಾಲಿಕದಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, 2017–18ರಲ್ಲಿ ಸೇರಿದವರ ಪೈಕಿ ಕೋರ್ಸ್ ಪೂರ್ಣಗೊಳಿಸಿದವರು ಶೇ 3ರಷ್ಟು ಮಾತ್ರ. ಬಹುಪಾಲು ಕಲಿಕಾರ್ಥಿಗಳು ಮೊದಲ ವರ್ಷದ ನಂತರ ಮರಳಿ ಬರಲೇ ಇಲ್ಲ. ಅವರಲ್ಲಿ ಎಲ್ಲ ವಯಸ್ಸಿನವರೂ ಇದ್ದರು. ವಯಸ್ಸಾದಂತೆ ಹೊಸದನ್ನು ಗ್ರಹಿಸುವ ವೇಗ ತುಸು ತಗ್ಗುವುದು ನಿಜವಾದರೂ, ಲೆಕ್ಕಪತ್ರದಲ್ಲಿ ನಿಮಗಿರುವ ಅನುಭವ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ.

ಮರೆವಿನ ಮೂಲ ಇರುವುದು ನೋಡಿ ಕಲಿಯುವ ಕ್ರಮದಲ್ಲಿ. ವಿಡಿಯೊ ನೋಡುವಾಗ ಎಲ್ಲವೂ ಸರಾಗವಾಗಿ ಅರ್ಥವಾಗುವುದರಿಂದ, ವಿಷಯ ಕೈವಶವಾಯಿತೆಂಬ ಭಾವನೆ ಬರುತ್ತದೆ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ಪಾಠವನ್ನು ಮತ್ತೆ ಓದಿದವರು ಐದು ನಿಮಿಷದ ಬಳಿಕ ನಡೆದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ಬಳಿಕ ನಡೆದ ಪರೀಕ್ಷೆಯಲ್ಲಿ ಮಾತ್ರ, ಮರುಓದಿನ ಬದಲು ನೆನಪಿನಿಂದ ಬರೆದು ನೋಡಿದ್ದವರೇ ಸ್ಪಷ್ಟವಾಗಿ ಮುಂದಾದರು. ಜೀವನಪೂರ್ತಿ ಕಲಿಯಬೇಕೆಂದಿರುವವರಿಗೆ ಲೆಕ್ಕಕ್ಕೆ ಬರುವುದು ಈ ಎರಡನೆಯ ಫಲಿತಾಂಶ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎಕ್ಸೆಲ್‌ನಂತಹ ತಂತ್ರಾಂಶದಲ್ಲಿ ದೊಡ್ಡ ಪಟ್ಟಿಯ ಅಂಕಿಗಳನ್ನು ಗುಂಪು ಮಾಡಿ ಮೊತ್ತ ತೋರಿಸುವ ಪಿವಟ್ ಟೇಬಲ್ ಕಲಿಯುತ್ತಿದ್ದೀರಿ ಎಂದುಕೊಳ್ಳೋಣ. ಎಂಟು ಹತ್ತು ನಿಮಿಷದ ವಿಡಿಯೊ ನೋಡಿದ ಕೂಡಲೇ ಅದನ್ನು ಮುಚ್ಚಿ, ಖಾಲಿ ಶೀಟ್ ತೆರೆದು, ಯಾವ ಕಾಲಂ ಅಡ್ಡಸಾಲಿಗೆ ಹೋಗಬೇಕು, ಯಾವುದರ ಮೊತ್ತ ಬೇಕು ಎಂಬುದನ್ನು ನೆನಪಿನಿಂದಲೇ ಮಾಡಿ ನೋಡಿ. ಎಲ್ಲೋ ಒಂದು ಕಡೆ ಕೈ ನಿಲ್ಲುತ್ತದೆ. ಹಾಗೆ ತಡವರಿಸಿದ ನಂತರ ಆ ಭಾಗವನ್ನಷ್ಟೇ ಮತ್ತೆ ನೋಡಿ. ಎರಡು ದಿನ ಬಿಟ್ಟು ಇದನ್ನೇ ನಿಮ್ಮ ಕಚೇರಿಯ ತಿಂಗಳ ಖರ್ಚಿನ ಕಡತದ ಒಂದು ನಕಲಿನಲ್ಲಿ ಮಾಡಿ. ವಾರ ಬಿಟ್ಟು ಸಹೋದ್ಯೋಗಿಯೊಬ್ಬರಿಗೆ ತೋರಿಸಿಕೊಡಿ. ಅವರು ಕೇಳುವ ಪ್ರಶ್ನೆಗಳಲ್ಲಿ ನಿಮಗಿನ್ನೂ ತಿಳಿಯದಿರುವುದು ಬಯಲಾಗುತ್ತದೆ.

ಆ್ಯಪ್ ವಿಷಯ ಇದರಷ್ಟು ಮುಖ್ಯವಲ್ಲ. ಸೂತ್ರಗಳು, ಶಾರ್ಟ್‌ಕಟ್‌ಗಳು, ಹೊಸ ಪದಗಳಂತಹ ಬಿಡಿ ಸಂಗತಿಗಳನ್ನು ನಿಗದಿತ ಅಂತರದಲ್ಲಿ ನೆನಪಿಸುವ ಆಂಕಿಯಂತಹ ಮುಕ್ತ ತಂತ್ರಾಂಶ ಸಾಕು. ಪೂರ್ಣ ಕೌಶಲಕ್ಕೆ ಅದು ನೆರವಾಗದು; ಅದಕ್ಕೆ ಕೆಲಸವನ್ನೇ ಮಾಡಬೇಕು.

ಟಿಪ್ಪಣಿಗಳನ್ನು ಕೋರ್ಸ್ ವೇದಿಕೆಯೊಳಗೇ ಬಿಡಬೇಡಿ. ಚಂದಾ ಮುಗಿದಾಗಲೋ ಕಂಪನಿ ಸೇವೆಯನ್ನು ನಿಲ್ಲಿಸಿದಾಗಲೋ ಅವು ಕೈತಪ್ಪಬಹುದು. ಯಾವ ಕಂಪ್ಯೂಟರಿನಲ್ಲಾದರೂ ತೆರೆಯುವ ಸರಳ ಪಠ್ಯಕಡತದಲ್ಲಿ, ನಿಮ್ಮದೇ ಮಾತಿನಲ್ಲಿ ಬರೆದು, ಎರಡು ಕಡೆ ಪ್ರತಿ ಇಟ್ಟುಕೊಳ್ಳಿ. ಮುಂದಿನ ಕೋರ್ಸ್‌ಗೆ ಹಣ ಕಟ್ಟುವ ಮೊದಲು, ಅದನ್ನು ಬಳಸಲು ನಿಮ್ಮ ಮೇಜಿನ ಮೇಲೆ ಈಗಾಗಲೇ ಯಾವ ಕೆಲಸ ಕಾದಿದೆ ಎಂದು ಅದೇ ಕಡತದಲ್ಲಿ ಒಂದು ಸಾಲು ಬರೆಯಿರಿ. ಬರೆಯಲು ಏನೂ ಹೊಳೆಯದಿದ್ದರೆ ಸದ್ಯಕ್ಕೆ ಆ ಕೋರ್ಸ್ ಬೇಡ.