ನುಣುಪು ಪುಡಿ ಉದುರಿದರೆ ಗರಗಸ ಕೆಳಗಿಡಿ

ಓದುಗರ ಪ್ರಶ್ನೆ, ತಜ್ಞರ ಉತ್ತರ: ಚೈನ್‌ಸಾ ಮತ್ತು ವಿದ್ಯುತ್ ಗರಗಸ

ಈ ಸಲದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಬಂದು ನಿಲ್ಲುವುದು ಒಂದೇ ಕಡೆ: ಮೊಂಡಾದ ಚೈನು. ಎಂಜಿನ್ ಕಾಯುವುದು, ಕೈ ಜೋಮು ಹಿಡಿಯುವುದು, ಬಾರ್ (ಚೈನು ಸುತ್ತುವ ಉದ್ದ ಪಟ್ಟಿ) ಬೇಗ ಸವೆಯುವುದು, ಎಷ್ಟೋ ಸಲ ಅಪಘಾತವೂ ಅಲ್ಲಿಂದಲೇ ಶುರು. ಅದಕ್ಕೇ ಮೊದಲ ಉತ್ತರ ಸ್ವಲ್ಪ ಉದ್ದವಾಗಿದೆ.

ಪ್ರ: ಹೊಸ ಚೈನು ಹಾಕಿ ಎರಡು ವಾರವಾಯಿತು. ಈಗ ಒತ್ತಿ ಹಿಡಿದರೆ ಮಾತ್ರ ಕೊಯ್ಯುತ್ತದೆ. ಹೊಗೆ ಬರುತ್ತದೆ, ಕೊಯ್ತ ಬಲಕ್ಕೆ ಓಡುತ್ತದೆ. ಬಾರ್ ಬದಲಿಸಬೇಕೇ?

ಉ: ಬಾರ್ ಆಮೇಲೆ ನೋಡೋಣ, ಮೊದಲು ಕೆಳಗೆ ಬಿದ್ದಿರುವ ಹೊಟ್ಟನ್ನು ನೋಡಿ. ಹರಿತ ಚೈನು ಚಕ್ಕೆ ಚಕ್ಕೆಯಾಗಿ ಉಗುಳುತ್ತದೆ, ಮೊಂಡು ಚೈನು ಹಿಟ್ಟಿನಂಥ ಪುಡಿ ಉದುರಿಸುತ್ತದೆ. ಹರಿತ ಚೈನು ತಾನಾಗಿ ಮರದೊಳಕ್ಕೆ ಇಳಿಯುತ್ತದೆ, ಗರಗಸದ ಭಾರವೇ ಅದಕ್ಕೆ ಸಾಕು. ನೀವು ಒತ್ತಬೇಕಾಗಿ ಬಂತೆಂದರೆ ಅರ ಹಾಕುವ ಹೊತ್ತು ಮೀರಿದೆ ಎಂದೇ ಲೆಕ್ಕ. ಒಮ್ಮೆ ಮಣ್ಣು ಅಥವಾ ಕಲ್ಲು ತಾಗಿದರೂ ಸಾಕು, ಎರಡು ವಾರವೇನು, ಎರಡೇ ಸೆಕೆಂಡಿನಲ್ಲಿ ಹೊಸ ಚೈನು ಮೊಂಡಾಗುತ್ತದೆ.

ಒಂದು ಹಲ್ಲಿನ ಮೂಲೆಯನ್ನು ಬೆಳಕಿಗೆ ಹಿಡಿಯಿರಿ. ಮೊಂಡಾದ ಅಂಚು ಸಣ್ಣ ಬಿಳಿ ಗೆರೆಯಾಗಿ ಹೊಳೆಯುತ್ತದೆ. ಹರಿತ ಅಂಚಿನಲ್ಲಿ ಬೆಳಕು ನಿಲ್ಲಲು ಜಾಗವೇ ಇರುವುದಿಲ್ಲ, ಹಾಗಾಗಿ ಅದು ಹೊಳೆಯುವುದಿಲ್ಲ. ಆ ಬಿಳಿ ಗೆರೆ ಮಾಯವಾಗುವವರೆಗೆ ಅರ ಹಾಕಬೇಕು, ಅಳತೆ ಅಷ್ಟೇ.

ಅರದ ದಪ್ಪ ಚೈನಿನ ಪಿಚ್‌ಗೆ ಹೊಂದಬೇಕು. ಒಂದರ ಪಕ್ಕ ಒಂದಿರುವ ಮೂರು ರಿವೆಟ್‌ಗಳಲ್ಲಿ ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿನವರೆಗೆ ಅಳೆದು ಎರಡರಿಂದ ಭಾಗಿಸಿದರೆ ಸಿಗುವುದೇ ಪಿಚ್. ಸಣ್ಣ ಗರಗಸಗಳ ಲೋ-ಪ್ರೊಫೈಲ್ 3/8 ಇಂಚಿನ ಚೈನಿಗೆ 4.0 ಮಿ.ಮೀ. ದುಂಡು ಅರ, 0.325 ಇಂಚಿಗೆ 4.8 ಮಿ.ಮೀ., ದೊಡ್ಡ ಗರಗಸಗಳ 3/8 ಇಂಚಿಗೆ 5.2 ಅಥವಾ 5.5 ಮಿ.ಮೀ., 0.404 ಇಂಚಿಗೆ 5.5 ಮಿ.ಮೀ. ಚೈನಿನ ಡಬ್ಬಿಯ ಮೇಲೆ ಬೇರೆ ಅಳತೆ ಇದ್ದರೆ ಅದನ್ನೇ ನಂಬಿ.

ಎಂಜಿನ್ ಆರಿಸಿ ಬಾರನ್ನು ವೈಸ್‌ನಲ್ಲಿ ಬಿಗಿಯಿರಿ, ಚೈನ್ ಬ್ರೇಕ್ ಹಾಕಿ. ಹೆಚ್ಚಿನ ಚೈನುಗಳಿಗೆ ಓರೆ 30 ಡಿಗ್ರಿ. ಎಷ್ಟೋ ಚೈನುಗಳಲ್ಲಿ ಹಲ್ಲಿನ ಬೆನ್ನ ಮೇಲೆಯೇ ಆ ಓರೆಯ ಗೆರೆ ಇರುತ್ತದೆ. ಅರದ ದಪ್ಪದಲ್ಲಿ ಐದನೇ ಒಂದು ಪಾಲು ಹಲ್ಲಿನ ನೆತ್ತಿಗಿಂತ ಮೇಲಿರಲಿ. ಅರ ಕೆಳಗಿಳಿದರೆ ಅಂಚು ಕೊಕ್ಕೆಯಂತೆ ತೆಳುವಾಗಿ ಬೇಗ ಮುರಿಯುತ್ತದೆ, ಮೇಲೇರಿದರೆ ಹಲ್ಲು ಮರವನ್ನು ಕಚ್ಚುವುದೇ ಇಲ್ಲ. ಹಲ್ಲಿನ ಒಳಮೈಯಿಂದ ಹೊರಕ್ಕೆ ತಳ್ಳಿ, ವಾಪಸು ತರುವಾಗ ಅರವನ್ನು ಎತ್ತಿಕೊಳ್ಳಿ. ಎರಡೂ ಕಡೆ ಉಜ್ಜಿದರೆ ಅರವೇ ಮೊಂಡಾಗುತ್ತದೆ. ಎಲ್ಲಕ್ಕಿಂತ ಗಿಡ್ಡ ಹಲ್ಲಿನಿಂದ ಶುರುಮಾಡಿ, ಉಳಿದವನ್ನು ಅದರ ಉದ್ದಕ್ಕೆ ತನ್ನಿ.

ಕೊಯ್ತ ಬಲಕ್ಕೆ ಓಡುವುದಕ್ಕೆ ಕಾರಣವೂ ಇಲ್ಲೇ ಇದೆ. ಬಲಸಾಲಿನ ಹಲ್ಲುಗಳು ಹರಿತವಾಗಿ ಉದ್ದವಾಗಿ ಉಳಿದಿವೆ, ಎಡಸಾಲಿನವು ಸವೆದಿವೆ. ಕೈಗೆ ಸುಲಭವಾದ ಬದಿಗೆ ನಾಲ್ಕು ಸಲ, ಕಷ್ಟದ ಬದಿಗೆ ಎರಡು ಸಲ ಉಜ್ಜುವುದರಿಂದ ಹೀಗಾಗುತ್ತದೆ. ಎಣಿಸಿಕೊಂಡೇ ಉಜ್ಜಿ.

ಇನ್ನು, ಬಹಳ ಮಂದಿ ಮರೆಯುವ ಭಾಗ ರೇಕರ್. ಪ್ರತಿ ಹಲ್ಲಿನ ಮುಂದೆ ಇರುವ ಗಿಡ್ಡ ಉಬ್ಬು ಅದು. ಹಲ್ಲು ಎಷ್ಟು ದಪ್ಪ ಚಕ್ಕೆ ತೆಗೆಯಬೇಕು ಎಂದು ತೀರ್ಮಾನಿಸುವುದು ಅದೇ. ಸಾಮಾನ್ಯವಾಗಿ ಅದು ಹಲ್ಲಿನ ನೆತ್ತಿಗಿಂತ 0.65 ಮಿ.ಮೀ. ಕೆಳಗಿರಬೇಕು. ಹಲ್ಲು ಸವೆದಂತೆ ಹಲ್ಲಿನ ನೆತ್ತಿ ತಗ್ಗುತ್ತದೆ, ರೇಕರ್ ಮಾತ್ರ ಹಾಗೇ ನಿಂತಿರುತ್ತದೆ. ಆಗ ಹಲ್ಲು ಎಷ್ಟೇ ಹರಿತವಿದ್ದರೂ ಪುಡಿಯೇ ಬರುತ್ತದೆ. ಮೂರು ನಾಲ್ಕು ಸಲ ಅರ ಹಾಕಿದ ಮೇಲೆ ಗೇಜ್ (ರೇಕರ್ ಎತ್ತರ ಅಳೆಯುವ ಪಟ್ಟಿ) ಇಟ್ಟು, ಚಪ್ಪಟೆ ಅರದಿಂದ ರೇಕರ್ ಇಳಿಸಿ, ಅದರ ಮುಂದಿನ ಮೂಲೆಯನ್ನು ಮತ್ತೆ ದುಂಡು ಮಾಡಿ. ಬೇಗ ಕೊಯ್ಯಲಿ ಎಂದು ಅಂದಾಜಿನಲ್ಲಿ ಜಾಸ್ತಿ ಇಳಿಸಿದರೆ ಹಲ್ಲು ಮರವನ್ನು ಒಮ್ಮೆಲೇ ಕಚ್ಚಿ ಎಳೆಯುತ್ತದೆ, ಕಿಕ್‌ಬ್ಯಾಕ್‌ಗೆ, ಅಂದರೆ ಗರಗಸ ಇದ್ದಕ್ಕಿದ್ದಂತೆ ನಿಮ್ಮ ಕಡೆ ಚಿಮ್ಮುವುದಕ್ಕೆ, ದಾರಿಯಾಗುತ್ತದೆ. ಇದೊಂದು ಕೆಲಸಕ್ಕೆ ಗೇಜ್ ಇಲ್ಲದೆ ಕೈ ಹಾಕಲೇಬೇಡಿ.

ಇಷ್ಟಾದ ಮೇಲೂ ಕೊಯ್ತ ಸೊಟ್ಟಗೆ ಹೋದರೆ ಬಾರ್ ಬಿಚ್ಚಿ, ಸಮತಟ್ಟಾದ ಹಲಗೆಯ ಮೇಲೆ ಅಂಚಿನಲ್ಲಿ ನಿಲ್ಲಿಸಿ. ನೆಟ್ಟಗೆ ನಿಲ್ಲದೆ ಒಂದು ಕಡೆ ವಾಲಿದರೆ ಅದರ ಒಂದು ಬದಿ ಸವೆದಿದೆ. ಪ್ರತಿ ಸಲ ಅರ ಹಾಕಿದಾಗ ಬಾರನ್ನು ಮಗುಚಿ ಹಾಕುತ್ತಾ ಬಂದರೆ ಎರಡೂ ಅಂಚು ಒಂದೇ ಸಮ ಸವೆಯುತ್ತವೆ.

ಪ್ರ: ರೆಂಬೆ ಸವರುತ್ತಿದ್ದಾಗ ಗರಗಸ ಇದ್ದಕ್ಕಿದ್ದಂತೆ ಮುಖದ ಕಡೆ ಚಿಮ್ಮಿತು. ಬ್ರೇಕ್ ಬಿದ್ದದ್ದರಿಂದ ಬಚಾವಾದೆ. ತಪ್ಪಾದದ್ದು ಎಲ್ಲಿ?

ಉ: ಬಾರ್‌ನ ಮೂತಿಯ ಮೇಲಿನ ಅರ್ಧ ಭಾಗ ಏನಕ್ಕೋ ತಾಗಿದೆ. ಎಲೆಗಳ ಹಿಂದೆ ಕಾಣದ ಇನ್ನೊಂದು ರೆಂಬೆ ಇದ್ದಿರಬಹುದು. ಮೂತಿ ಸುತ್ತಿ ಬರುವ ಹಲ್ಲು ಅಲ್ಲಿ ಮರವನ್ನು ಕಚ್ಚಿ ನಿಂತಾಗ, ಚೈನಿನ ವೇಗವೆಲ್ಲ ಬಾರನ್ನು ಮೇಲಕ್ಕೆ, ಹಿಂದಕ್ಕೆ ಎತ್ತಿ ಒಗೆಯುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಮುಗಿದಿರುತ್ತದೆ. ಕಂಡಮೇಲೆ ತಪ್ಪಿಸಿಕೊಳ್ಳುತ್ತೇನೆ ಎಂಬುದು ಆಗದ ಮಾತು. ಆದ್ದರಿಂದ ಏನೇ ಜಾಗ್ರತೆಯಿದ್ದರೂ ಮೊದಲೇ ಇರಬೇಕು.

ಎಡಗೈಯ ಹೆಬ್ಬೆರಳು ಮುಂದಿನ ಹಿಡಿಯ ಕೆಳಗಿನಿಂದ ಸುತ್ತಿ ಬಂದಿರಬೇಕು, ಉಳಿದ ಬೆರಳುಗಳ ಜೊತೆ ಮೇಲೆ ಇಟ್ಟರೆ ಹಿಡಿ ಜಾರುತ್ತದೆ. ಬಾರ್ ಯಾವ ಗೆರೆಯಲ್ಲಿ ಮೇಲೇಳಬಹುದೋ ಆ ಗೆರೆಯಲ್ಲಿ ತಲೆ ಇರಬಾರದು, ಸ್ವಲ್ಪ ಎಡಕ್ಕೆ ನಿಲ್ಲಿ. ಭುಜಕ್ಕಿಂತ ಮೇಲೆ ಕೊಯ್ಯಬೇಡಿ, ಒಂದೇ ಕೈಯಲ್ಲಂತೂ ಯಾವತ್ತೂ ಬೇಡ. ಚೈನು ಮರಕ್ಕೆ ತಾಗುವ ಮೊದಲೇ ಪೂರ್ತಿ ವೇಗದಲ್ಲಿರಲಿ.

ಬ್ರೇಕನ್ನು ದಿನಾ ಬೆಳಿಗ್ಗೆ ಪರೀಕ್ಷಿಸಿ. ಗರಗಸವನ್ನು ಗಟ್ಟಿ ಹಿಡಿದು, ಎಂಜಿನ್ ವೇಗ ಕೊಟ್ಟು, ಎಡ ಮಣಿಕಟ್ಟಿನಿಂದ ಮುಂದಿನ ಗಾರ್ಡ್ ತಳ್ಳಿ. ಚೈನು ಆ ಕ್ಷಣವೇ ನಿಲ್ಲಬೇಕು. ಕಿಕ್‌ಬ್ಯಾಕ್ ಆದಾಗ ತಾನಾಗಿ ಬೀಳುವ ಬ್ರೇಕ್ ಸರಿಯಿದೆಯೇ ಎಂದು ನೋಡಲು ಎಂಜಿನ್ ಆರಿಸಿ, ಬ್ರೇಕ್ ಬಿಡಿಸಿ, ಗರಗಸವನ್ನು ಮರದ ಬೊಡ್ಡೆಯೊಂದರ ಮೇಲೆ ಅಡ್ಡಡ್ಡ ಹಿಡಿದು, ಹಿಂದಿನ ಹಿಡಿ ಕೈಯಲ್ಲಿರುವಂತೆಯೇ ಮುಂದಿನ ಹಿಡಿ ಬಿಡಿ. ಮೂತಿ ಬೊಡ್ಡೆಗೆ ಬಡಿದಾಗ ಬ್ರೇಕ್ ಬೀಳಬೇಕು. ಬೀಳಲಿಲ್ಲವಾದರೆ ಹೊಟ್ಟು, ಅಂಟು ಕಟ್ಟಿಕೊಂಡಿರಬಹುದು. ತೆಗೆದು ಶುಚಿ ಮಾಡಿ, ಆಗಲೂ ಬೀಳದಿದ್ದರೆ ರಿಪೇರಿಯಾಗುವವರೆಗೆ ಆ ಗರಗಸ ಮುಟ್ಟಬೇಡಿ. ಈ ಸಲ ಬಿದ್ದ ಬ್ರೇಕ್ ಮುಂದಿನ ಸಲವೂ ಬೀಳಬೇಕಲ್ಲವೇ?

ಪ್ರ: ಪೆಟ್ರೋಲಿಗೆ 2ಟಿ ಆಯಿಲ್ ಎಷ್ಟು? ಸ್ವಲ್ಪ ಹೆಚ್ಚಾದರೆ ಎಂಜಿನ್‌ಗೆ ಒಳ್ಳೆಯದೇ ಅಲ್ಲವೇ?

ಉ: ಹೆಚ್ಚಿನ ಈಗಿನ ಗರಗಸಗಳಿಗೆ 50ಕ್ಕೆ 1. ಒಂದು ಲೀಟರಿಗೆ 20 ಮಿ.ಲೀ., ಐದು ಲೀಟರಿಗೆ 100 ಮಿ.ಲೀ. ಕೈಪಿಡಿ 25ಕ್ಕೆ 1 ಎಂದರೆ ಲೀಟರಿಗೆ 40 ಮಿ.ಲೀ. ಅಂದಾಜು ಬೇಡ, ಅಳತೆ ಲೋಟ ಇಟ್ಟುಕೊಳ್ಳಿ. ಆಯಿಲ್ ಹೆಚ್ಚಾದರೆ ಪ್ಲಗ್ ಮತ್ತು ಸೈಲೆನ್ಸರ್ ಜಾಲರಿಯಲ್ಲಿ ಮಸಿ ಕಟ್ಟಿ ಎಂಜಿನ್ ಸೊರಗುತ್ತದೆ. ಕಡಿಮೆಯಾದರೆ ಪಿಸ್ಟನ್ ಗೀರಿ ಎಂಜಿನ್ ಹಿಡಿದುಕೊಳ್ಳುತ್ತದೆ. ಕಲಸಿದ ಪೆಟ್ರೋಲನ್ನು ಒಂದು ತಿಂಗಳಿಗಿಂತ ಹೆಚ್ಚು ಇಡಬೇಡಿ, ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಬಿಸಿ ಎಂಜಿನ್‌ಗೆ ಪೆಟ್ರೋಲ್ ತುಂಬಬೇಡಿ. ತುಂಬಿದ ಜಾಗದಿಂದ ಕನಿಷ್ಠ 3 ಮೀಟರ್ ದೂರ ಹೋಗಿ ಸ್ಟಾರ್ಟ್ ಮಾಡಿ.

ಪ್ರ: ಚೈನಿಗೆ ಹಳೆಯ ಎಂಜಿನ್ ಆಯಿಲ್ ಹಾಕಬಹುದೇ?

ಉ: ಬೇಡ. ಅದರಲ್ಲಿರುವ ಲೋಹದ ಕಣ ಪಂಪನ್ನೂ ಬಾರನ್ನೂ ತಿನ್ನುತ್ತದೆ, ಮೈಮೇಲೆ ಸಿಡಿದು ಚರ್ಮಕ್ಕೂ ಶ್ವಾಸಕ್ಕೂ ಕೆಡುಕು ಮಾಡುತ್ತದೆ. ಬಾರ್ ಆಯಿಲ್‌ನಲ್ಲಿ ಅಂಟುಗುಣ ಇರುತ್ತದೆ, ಅಷ್ಟು ವೇಗದಲ್ಲಿ ಸುತ್ತುವ ಚೈನಿನಿಂದ ಅದು ಸುಲಭವಾಗಿ ಎರಚಿ ಹೋಗುವುದಿಲ್ಲ. ಆಯಿಲ್ ಬರುತ್ತಿದೆಯೇ ಎಂದು ತಿಳಿಯಲು ಮೂತಿಯನ್ನು ತಿಳಿಬಣ್ಣದ ರಟ್ಟಿನಿಂದ ಒಂದು ಗೇಣು ದೂರ ಹಿಡಿದು ಅರ್ಧ ನಿಮಿಷ ವೇಗ ಕೊಡಿ, ರಟ್ಟಿನ ಮೇಲೆ ಎಣ್ಣೆಯ ಗೆರೆ ಮೂಡಬೇಕು. ಇನ್ನೊಂದು ಗುರುತು: ಪೆಟ್ರೋಲ್ ಮುಗಿದಾಗ ಆಯಿಲ್ ಟ್ಯಾಂಕಿನ ತಳದಲ್ಲಿ ಸ್ವಲ್ಪ ಉಳಿದಿರಬೇಕು. ತುಂಬಿದಷ್ಟೂ ಹಾಗೇ ಇದ್ದರೆ ಬಾರ್‌ನ ಎಣ್ಣೆ ತೂತು ಹೊಟ್ಟಿನಿಂದ ಮುಚ್ಚಿದೆ.

ಪ್ರ: ಚೈನು ಪದೇ ಪದೇ ಕಳಚಿಕೊಳ್ಳುತ್ತದೆ. ಎಷ್ಟು ಬಿಗಿ ಇರಬೇಕು?

ಉ: ತಣ್ಣಗಿರುವಾಗ ಬಾರ್‌ನ ಕೆಳಗೆ ಜೋತು ಬೀಳಬಾರದು, ಆದರೆ ಬ್ರೇಕ್ ಬಿಡಿಸಿ ಕೈಗವಸು ಹಾಕಿಕೊಂಡು ಎಳೆದರೆ ಸಲೀಸಾಗಿ ಸುತ್ತಬೇಕು. ಬಿಗಿ ಮಾಡುವಾಗ ಬಾರ್ ನಟ್‌ಗಳನ್ನು ಸಡಿಲಿಸಿ, ಮೂತಿಯನ್ನು ಮೇಲಕ್ಕೆತ್ತಿ ಹಿಡಿದೇ ಸ್ಕ್ರೂ ತಿರುಗಿಸಿ. ಎತ್ತಿ ಹಿಡಿದಂತೆಯೇ ನಟ್ ಬಿಗಿಯಿರಿ. ಮೂತಿ ಎತ್ತದೆ ಬಿಗಿದರೆ ಮೊದಲ ಕೊಯ್ತಕ್ಕೇ ಬಾರ್ ಮೇಲಕ್ಕೆ ಸರಿದು ಚೈನು ಸಡಿಲವಾಗುತ್ತದೆ, ಕಳಚುವ ದೂರುಗಳಲ್ಲಿ ಬಹುಪಾಲು ಇದೇ. ಹೊಸ ಚೈನು ಹಿಗ್ಗುವುದು ಬೇಗ, ಹತ್ತು ನಿಮಿಷಕ್ಕೊಮ್ಮೆ ನೋಡಿ. ಬಿಸಿಯಲ್ಲಿ ಬಿಗಿದಿದ್ದರೆ ಕೆಲಸ ಮುಗಿದ ಮೇಲೆ ಸಡಿಲಿಸಿ, ತಣಿದು ಕುಗ್ಗಿದ ಚೈನು ಕ್ರ್ಯಾಂಕ್ ಬೇರಿಂಗನ್ನು ಎಳೆಯುತ್ತದೆ. ಇದ್ಯಾವುದೂ ಅಲ್ಲವಾದರೆ ಸ್ಪ್ರಾಕೆಟ್ (ಚೈನನ್ನು ತಿರುಗಿಸುವ ಹಲ್ಲುಚಕ್ರ) ನೋಡಿ. ಚೈನು ಕೂರುವ ಕಡೆ ಅರ್ಧ ಮಿ.ಮೀ. ಗೀರು ಬಿದ್ದಿದ್ದರೆ ಬದಲಿಸಿ, ಹಳೆಯ ಸ್ಪ್ರಾಕೆಟ್ ಹೊಸ ಚೈನನ್ನೂ ಹಾಳುಮಾಡುತ್ತದೆ.

ಪ್ರ: ಆಕ್ಸಿಲರೇಟರ್ ಬಿಟ್ಟರೂ ಚೈನು ತಿರುಗುತ್ತಲೇ ಇರುತ್ತದೆ.

ಉ: ಕೆಲಸ ನಿಲ್ಲಿಸಿ. ಐಡ್ಲಿಂಗ್ ಸ್ಕ್ರೂವನ್ನು (ಆಕ್ಸಿಲರೇಟರ್ ಬಿಟ್ಟಾಗಿನ ಎಂಜಿನ್ ವೇಗ ಹೊಂದಿಸುವ ಸ್ಕ್ರೂ) ಚೈನು ನಿಲ್ಲುವವರೆಗೆ ಇಳಿಸಿ. ಆಗ ಎಂಜಿನ್ ಆರಿಹೋದರೆ ಏರ್ ಫಿಲ್ಟರ್ ತೊಳೆದು ನೋಡಿ. ಇಳಿಸಿದರೂ ಚೈನು ನಿಲ್ಲದಿದ್ದರೆ ಕ್ಲಚ್ ಸ್ಪ್ರಿಂಗ್ ಸೋತಿದೆ ಅಥವಾ ಮುರಿದಿದೆ. ಆರ್‌ಪಿಎಂ ತಾನಾಗಿ ಏರುತ್ತಿದ್ದರೆ ಎಲ್ಲೋ ಗಾಳಿ ಸೋರಿ ಒಳಹೋಗುತ್ತಿದೆ ಎಂದರ್ಥ. ಅದನ್ನು ಸ್ಕ್ರೂ ತಿರುಗಿಸಿ ಮುಚ್ಚಿಡಬೇಡಿ, ಪಿಸ್ಟನ್ ಹೋಗುತ್ತದೆ.

ಪ್ರ: ಎಷ್ಟು ಹಗ್ಗ ಎಳೆದರೂ ಸ್ಟಾರ್ಟ್ ಆಗದು, ಪೆಟ್ರೋಲ್ ವಾಸನೆ ಮಾತ್ರ.

ಉ: ಚೋಕ್ ಹಾಕಿಯೇ ಎಳೆದಿದ್ದೀರಿ. ಮೊದಲ ಸಲ 'ಫಟ್' ಎಂದ ಕೂಡಲೇ ಚೋಕ್ ಇಳಿಸಬೇಕು, ಆ ಸದ್ದು ಕೇಳಿಸದೇ ಹೋದವರಿಗೆ ಹೀಗಾಗುತ್ತದೆ. ಪ್ಲಗ್ ಬಿಚ್ಚಿ ಒರೆಸಿ, ಅಂತರ 0.5 ಮಿ.ಮೀ. ಇದೆಯೇ ನೋಡಿ. ಸ್ವಿಚ್ ಆಫ್ ಮಾಡಿ ಹಗ್ಗವನ್ನು ಏಳೆಂಟು ಸಲ ಎಳೆದು ಒಳಗಿನ ಪೆಟ್ರೋಲ್ ಹೊರಹಾಕಿ. ಪ್ಲಗ್ ಹಾಕಿ, ಚೋಕ್ ಇಲ್ಲದೆ ಎಳೆಯಿರಿ. ಪ್ಲಗ್ ಒದ್ದೆಯಾಗಿರದೆ ಒಣಗಿದ್ದರೆ ಟ್ಯಾಂಕಿನೊಳಗಿನ ಫಿಲ್ಟರ್, ಪೈಪ್ ಬಿರುಕು, ಕಾರ್ಬ್ಯುರೇಟರ್ ಡಯಾಫ್ರಂ, ಈ ಕ್ರಮದಲ್ಲಿ ಹುಡುಕಿ. ಸ್ಟಾರ್ಟ್ ಮಾಡುವಾಗ ಗರಗಸ ನೆಲದ ಮೇಲಿರಲಿ, ಬ್ರೇಕ್ ಹಾಕಿರಲಿ, ಹಿಂದಿನ ಹಿಡಿಯೊಳಗೆ ಬಲಗಾಲಿನ ತುದಿ, ಮುಂದಿನ ಹಿಡಿಯಲ್ಲಿ ಎಡಗೈ. ಕೈಯಲ್ಲಿ ಜೋಲು ಬಿಟ್ಟು ಎಳೆಯುವ ಅಭ್ಯಾಸ ಬಿಟ್ಟುಬಿಡಿ.

ಪ್ರ: ದಿಮ್ಮಿ ಕೊಯ್ಯುವಾಗ ಅರ್ಧಕ್ಕೆ ಬಾರ್ ಸಿಕ್ಕಿಕೊಳ್ಳುತ್ತದೆ.

ಉ: ಗರಗಸ ಹಚ್ಚುವ ಮೊದಲು ದಿಮ್ಮಿ ಯಾವುದರ ಮೇಲೆ ಕೂತಿದೆ ಎಂದು ಬಗ್ಗಿ ನೋಡಿ. ಎರಡೂ ತುದಿಗೆ ಆಸರೆಯಿದ್ದು ನಡುವೆ ಟೊಳ್ಳಿದ್ದರೆ ಮೇಲ್ಮೈ ಒತ್ತಿಕೊಂಡಿರುತ್ತದೆ, ಕೆಳಮೈ ಬಿಗಿದಿರುತ್ತದೆ. ಮೇಲಿನಿಂದ ಮೂರನೇ ಒಂದು ಪಾಲು ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಮುಗಿಸಿ. ಒಂದೇ ತುದಿಗೆ ಆಸರೆಯಿದ್ದು ಇನ್ನೊಂದು ಚಾಚಿಕೊಂಡಿದ್ದರೆ ಉಲ್ಟಾ: ಮೊದಲು ಕೆಳಗಿನಿಂದ ಮೂರನೇ ಒಂದು ಪಾಲು, ಆಮೇಲೆ ಮೇಲಿನಿಂದ. ಕೆಳಗಿನಿಂದ ಕೊಯ್ಯುವಾಗ ಚೈನು ಗರಗಸವನ್ನು ನಿಮ್ಮ ಮೈಮೇಲೆ ತಳ್ಳುತ್ತದೆ, ತೋಳು ಗಟ್ಟಿಯಿರಲಿ. ಇಳಿಜಾರಿನಲ್ಲಿ ಯಾವಾಗಲೂ ದಿಮ್ಮಿಯ ಮೇಲ್ಬದಿಗೆ ನಿಲ್ಲಿ. ಕೊಯ್ತ ಮುಚ್ಚಿಕೊಳ್ಳುವಂತೆ ಕಂಡರೆ ಮರದ ಅಥವಾ ಪ್ಲಾಸ್ಟಿಕ್ ಬೆಣೆ ಹೊಡೆಯಿರಿ, ಕಬ್ಬಿಣದ್ದು ಬೇಡ. ಸಿಕ್ಕಿಕೊಂಡೇ ಬಿಟ್ಟರೆ ಎಂಜಿನ್ ಆರಿಸಿ, ಬೆಣೆ ಹೊಡೆದು ಸಂದು ಅಗಲಿಸಿ ತೆಗೆಯಿರಿ. ಎಂಜಿನ್ ಓಡುತ್ತಿರುವಾಗ ಜಗ್ಗಿದರೆ ಅದು ಹೊರಬರುವ ಕ್ಷಣದಲ್ಲಿ ಚೈನು ಎಲ್ಲಿರುತ್ತದೆ ಎಂದು ಯೋಚಿಸಿ.

ಪ್ರ: ಕೈಯಲ್ಲಿ ಹಿಡಿಯುವ ವಿದ್ಯುತ್ ಸರ್ಕ್ಯುಲರ್ ಗರಗಸ ಉದ್ದ ಹಲಗೆ ಸೀಳುವಾಗ ಹಿಂದಕ್ಕೆ ಒದೆಯುತ್ತದೆ.

ಉ: ಸೀಳಿದ ಸಂದು ಮುಚ್ಚಿಕೊಂಡು ಬ್ಲೇಡನ್ನು ಅವುಚಿದಾಗ ಹೀಗಾಗುತ್ತದೆ. ಹಲಗೆಗೆ ತುದಿಗಳಲ್ಲಿ ಮಾತ್ರವಲ್ಲ, ಕೊಯ್ಯುವ ಗೆರೆಯ ಎರಡೂ ಬದಿಗೆ ಆಸರೆ ಕೊಡಿ. ಬ್ಲೇಡ್ ಹಲಗೆಯ ಕೆಳಗೆ 5 ಮಿ.ಮೀ. ಇಣುಕಿದರೆ ಸಾಕು. ಕೆಳಗಿನ ಗಾರ್ಡ್ ತಾನಾಗಿ ಮುಚ್ಚಿಕೊಳ್ಳಬೇಕು. ಅಡ್ಡಿಯಾಗುತ್ತದೆಂದು ಅದನ್ನು ತಂತಿಯಲ್ಲಿ ಕಟ್ಟಿಡುವವರಿದ್ದಾರೆ, ದಯವಿಟ್ಟು ಕಟ್ಟಬೇಡಿ: ಸ್ವಿಚ್ ಬಿಟ್ಟ ಮೇಲೂ ಬ್ಲೇಡ್ ಕೆಲವು ಸೆಕೆಂಡು ಸುತ್ತುತ್ತದೆ, ಗರಗಸ ತೊಡೆಯ ಪಕ್ಕಕ್ಕೆ ಇಳಿಯುವುದು ಆಗಲೇ. ಎಕ್ಸ್‌ಟೆನ್ಷನ್ ವೈರ್ ಸುರುಳಿ ಪೂರ್ತಿ ಬಿಚ್ಚಿರಲಿ, ಸುತ್ತಿಟ್ಟ ವೈರ್ ಕಾಯುತ್ತದೆ. ಬ್ಲೇಡ್ ಬದಲಿಸುವ ಮೊದಲು ಪ್ಲಗ್ ಕಿತ್ತಿಡಿ.

ಪ್ರ: ಕೆಲಸ ಮುಗಿದ ಮೇಲೆ ಬೆರಳ ತುದಿ ಬೆಳ್ಳಗಾಗಿ ಮರಗಟ್ಟುತ್ತದೆ. ತಾನೇ ಸರಿಹೋಗುತ್ತದೆಯೇ?

ಉ: ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ವೈದ್ಯರಿಗೆ ತೋರಿಸಿ. ನಡುಕದಿಂದ ಬೆರಳಿನ ಸಣ್ಣ ರಕ್ತನಾಳ, ನರಗಳಿಗೆ ಆಗುವ ಪೆಟ್ಟು ಇದು. ಹೀಗೇ ಮುಂದುವರಿದರೆ ಶಾಶ್ವತವಾಗಬಹುದು. ಹಿಡಿಗೂ ಎಂಜಿನ್‌ಗೂ ನಡುವಿನ ರಬ್ಬರ್ ಅಥವಾ ಸ್ಪ್ರಿಂಗ್ ಹರಿದಿದೆಯೇ ನೋಡಿ. ಹಿಡಿಯನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಹಿಡಿಯಬೇಡಿ, ಕೈ ಬೆಚ್ಚಗಿರಲಿ, ಆಗಾಗ ಗರಗಸ ಕೆಳಗಿಡಿ. ಬೀಡಿ ಸಿಗರೇಟು ರಕ್ತನಾಳವನ್ನು ಇನ್ನಷ್ಟು ಕುಗ್ಗಿಸುತ್ತದೆ. ಮೊಂಡು ಚೈನು ನಡುಕ ಹೆಚ್ಚಿಸುತ್ತದೆ ಎಂಬುದೂ ನೆನಪಿರಲಿ.

ಪ್ರ: ದಪ್ಪ ಜೀನ್ಸ್ ಸಾಲದೇ? ಆ ವಿಶೇಷ ಪ್ಯಾಂಟೇ ಬೇಕೇ?

ಉ: ಜೀನ್ಸ್ ಚೈನಿಗೆ ಲೆಕ್ಕಕ್ಕಿಲ್ಲ. ರಕ್ಷಣಾ ಪ್ಯಾಂಟಿನೊಳಗೆ ಉದ್ದುದ್ದ ಎಳೆಗಳಿರುತ್ತವೆ. ಚೈನು ತಾಗಿದೊಡನೆ ಅವು ಕಿತ್ತು ಬಂದು ಸ್ಪ್ರಾಕೆಟ್‌ಗೆ ಸುತ್ತಿಕೊಂಡು ಚೈನನ್ನು ಹಿಡಿದು ನಿಲ್ಲಿಸುತ್ತವೆ. ಒಮ್ಮೆ ಕೊಯ್ದು ಎಳೆ ಹೊರಬಂದ ಪ್ಯಾಂಟನ್ನು ಮತ್ತೆ ಹಾಕಬೇಡಿ. ಪೆಟ್ರೋಲ್ ಚೈನ್‌ಸಾ ಸದ್ದು 100 ಡೆಸಿಬಲ್ ದಾಟುತ್ತದೆ, ಆದ್ದರಿಂದ ಜಾಲರಿ ಮುಖವಾಡವಿರುವ ಹೆಲ್ಮೆಟ್ ಜೊತೆ ಕಿವಿಮುಚ್ಚುಗವೂ ಇರಲಿ.

ಪ್ರ: ಮೂರು ತಿಂಗಳು ಗರಗಸಕ್ಕೆ ಕೆಲಸವಿಲ್ಲ. ಹೇಗೆ ಇಡಲಿ?

ಉ: ಬಯಲಿನಲ್ಲಿ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ಆರುವವರೆಗೆ ಓಡಿಸಿ, ಕಾರ್ಬ್ಯುರೇಟರ್ ಒಣಗಲಿ. ಚೈನು, ಬಾರ್ ಬಿಚ್ಚಿ ಬಾರ್‌ನ ಅಂಚಿನ ಸೀಳಿನಲ್ಲಿ ಕೂತ ಹೊಟ್ಟು ಕೆರೆದು ಎಣ್ಣೆ ಸವರಿ. ಸಿಲಿಂಡರ್ ರೆಕ್ಕೆಗಳ ನಡುವೆ ಕೂತ ಪುಡಿ ಬ್ರಷ್‌ನಿಂದ ತೆಗೆಯಿರಿ. ಎಂಜಿನ್ ತಣಿದ ಮೇಲೆ ಪ್ಲಗ್ ಬಿಚ್ಚಿ ನಾಲ್ಕು ಹನಿ 2ಟಿ ಆಯಿಲ್ ಬಿಟ್ಟು, ಹಗ್ಗವನ್ನು ಎರಡು ಮೂರು ಸಲ ನಿಧಾನಕ್ಕೆ ಎಳೆದು ಪ್ಲಗ್ ಹಾಕಿ. ಬಾರ್‌ಗೆ ಕವಚ ಹಾಕಿ, ಮಕ್ಕಳ ಕೈಗೆ ಸಿಗದ ಒಣ ಜಾಗದಲ್ಲಿಡಿ.